ಅಪರಾಧದ ಗಳಿಕೆಯ ಜಾಡು: ವರ್ತಕರು ಅರಿಯಬೇಕಾದ ಲೆಕ್ಕ

ಅಪರಾಧದಿಂದ ಬಂದ ಹಣವು ಬಹುಕಾಲ ನಗದಾಗಿ ಉಳಿಯುವುದಿಲ್ಲ. ನಿವೇಶನ, ಚಿನ್ನ, ಬಂಧುಗಳ ಹೆಸರಿನ ಠೇವಣಿ ಅಥವಾ ವ್ಯಾಪಾರದ ಬಂಡವಾಳವಾಗಿ ಮಾರ್ಪಡುತ್ತದೆ. 2005ರ ಜುಲೈ 1ರಂದು ಜಾರಿಗೆ ಬಂದ ಹಣದ ಅಕ್ರಮ ವರ್ಗಾವಣೆ ತಡೆ ಕಾಯ್ದೆ, 2002ರನ್ವಯ ಇದನ್ನು ಪತ್ತೆಹಚ್ಚುವ ಹೊಣೆ ಜಾರಿ ನಿರ್ದೇಶನಾಲಯದ್ದು.

ಬ್ಯಾಂಕ್ ಖಾತೆಗಳ ಜಾಡು ಕಡಿದಲ್ಲಿ ತನಿಖಾಧಿಕಾರಿಗೆ ನೆರವಾಗುವುದು ನಿವ್ವಳ ಆಸ್ತಿಯ ಲೆಕ್ಕ. ಉದಾಹರಣೆಗೆ, ಒಬ್ಬರ ನಿವ್ವಳ ಆಸ್ತಿ ಐದು ವರ್ಷಗಳಲ್ಲಿ 10 ಲಕ್ಷದಿಂದ 70 ಲಕ್ಷ ರೂಪಾಯಿಗೆ ಏರಿದೆ. ಆ ಅವಧಿಯ ಖರ್ಚು 15 ಲಕ್ಷ ಎಂದಿಟ್ಟುಕೊಳ್ಳೋಣ. ಒಟ್ಟು 75 ಲಕ್ಷಕ್ಕೆ ಮೂಲ ತೋರಿಸಬೇಕು. ತಿಳಿದ ಆದಾಯ 30 ಲಕ್ಷವಾದರೆ, ಉಳಿದ 45 ಲಕ್ಷಕ್ಕೆ ವಿವರಣೆ ಅಗತ್ಯ.

ಇಷ್ಟರಿಂದಲೇ ಆರೋಪ ಸಿದ್ಧವಾಗದು. ಆ ಹಣಕ್ಕೂ ಕಾಯ್ದೆಯ ಅನುಸೂಚಿಯಲ್ಲಿರುವ ಅಪರಾಧಕ್ಕೂ ಸಂಬಂಧವಿರಬೇಕೆಂಬುದನ್ನು 2022ರ ಜುಲೈ 27ರ ಸುಪ್ರೀಂ ಕೋರ್ಟ್ ತೀರ್ಪು ಸ್ಪಷ್ಟಪಡಿಸಿದೆ.

ಜಪ್ತಿ ಬೇರೆ, ಮುಟ್ಟುಗೋಲು ಬೇರೆ. ತಾತ್ಕಾಲಿಕ ಜಪ್ತಿಯ ಗರಿಷ್ಠ ಅವಧಿ 180 ದಿನ. ಅಷ್ಟರೊಳಗೆ ನ್ಯಾಯನಿರ್ಣಯ ಪ್ರಾಧಿಕಾರ ಅದನ್ನು ದೃಢೀಕರಿಸದಿದ್ದರೆ ಅದು ಊರ್ಜಿತವಲ್ಲ. ಸ್ವತ್ತಿನ ಮೂಲವನ್ನು ವಿವರಿಸಲು ನೋಟಿಸು ಪಡೆದವರಿಗೆ ಕನಿಷ್ಠ 30 ದಿನ ದೊರೆಯುತ್ತದೆ. ಅಪರಾಧ ಸಾಬೀತಾದ ಮೇಲೆ ಮುಟ್ಟುಗೋಲಿನ ಆದೇಶ ನೀಡುವುದು ವಿಶೇಷ ನ್ಯಾಯಾಲಯ.

ಆರೋಪಿಯೊಡನೆ ವ್ಯವಹರಿಸಿದ ಪ್ರಾಮಾಣಿಕ ವರ್ತಕನಿಗೂ ಈ ನೋಟಿಸು ಬರಬಹುದು. ಆಗ ಆತನ ಪರವಾಗಿ ಮಾತನಾಡುವುದು ಬಿಲ್ಲು, ಸರಕು ಸಾಗಣೆಯ ರಸೀದಿ, ಬ್ಯಾಂಕ್ ಮೂಲಕ ಆದ ಪಾವತಿ ಮತ್ತು ದಾಸ್ತಾನು ಪುಸ್ತಕ. ಇವು ನಾಲ್ಕೂ ಒಂದಕ್ಕೊಂದು ತಾಳೆಯಾಗುವಂತೆ ಇಟ್ಟುಕೊಳ್ಳುವುದು ಪ್ರತಿಯೊಬ್ಬ ವ್ಯಾಪಾರಿಯ ಹಿತಕ್ಕೆ ಅವಶ್ಯ.