ಶಾಲೆಯ ಫೀಸು ಕಂತಿನಲ್ಲಿ: ಸಹಿ ಹಾಕುವ ಮುನ್ನ

ಆಗಸ್ಟ್ ಬಂತೆಂದರೆ ಶಾಲಾ ಫೀಸಿನ ನೋಟಿಸು ಹಿಡಿದ ತಂದೆ ತಾಯಂದಿರು ನಮ್ಮ ಆಫೀಸಿಗೆ ಬರಲು ಶುರು. ‘ಸರ್, ಪ್ರೈವೇಟ್ ಶಾಲೆಗೆ ಇಷ್ಟು ದುಡ್ಡು ಸುರಿದದ್ದು ತಪ್ಪಾಯ್ತಾ?’ ಎಂದು ಕೇಳುತ್ತಾರೆ. ಏಪ್ರಿಲ್‌ನಲ್ಲಿ ಕೇಳಬೇಕಿದ್ದ ಪ್ರಶ್ನೆ ಅದು. ಯಾವ ಶಾಲೆಯಲ್ಲಿ ಪಾಠ ಚೆನ್ನಾಗಿದೆ ಎಂದು ವಕೀಲ ಹೇಳಲಾರ. ಆದರೆ ಕೆಲಸ ಹೋದರೆ, ವರ್ಗವಾದರೆ, ಮಗುವಿಗೆ ಶಾಲೆ ಒಗ್ಗದಿದ್ದರೆ ಕೈಸುಟ್ಟುಕೊಳ್ಳದೆ ಹೊರಬರಲು ಸಾಧ್ಯವೇ ಎಂದು ಕಾಗದ ನೋಡಿ ಹೇಳಬಲ್ಲ. ಫೀಸು ದುಬಾರಿಯೋ ಅಲ್ಲವೋ ಎಂಬ ಲೆಕ್ಕ ಆಮೇಲಿನದು.

ಮೊದಲು ಎರಡು ಭ್ರಮೆ ಬಿಡಿ. ಒಂದು, ಸರ್ಕಾರ ಫೀಸು ಇಳಿಸುತ್ತದೆ ಎಂಬುದು. ಅನುದಾನರಹಿತ ಖಾಸಗಿ ಶಾಲೆಗಳ ಶುಲ್ಕ ನಿಗದಿಗೆ ಕೈಹಾಕುವ ಕರ್ನಾಟಕ ಶಿಕ್ಷಣ ಕಾಯ್ದೆಯ ಸೆಕ್ಷನ್‌ಗಳನ್ನು 2023ರ ಜನವರಿಯಲ್ಲಿ ನಮ್ಮ ಹೈಕೋರ್ಟ್ ರದ್ದು ಮಾಡಿತು. ಶಿಕ್ಷಣದಲ್ಲಿ ಲಾಭಕೋರತನ ಕೂಡದೆಂದು ಸುಪ್ರೀಂ ಕೋರ್ಟ್ 2002ರ ಟಿ.ಎಂ.ಎ. ಪೈ ತೀರ್ಪಿನಲ್ಲೇ ಹೇಳಿದೆ, ನಿಜ. ಅದನ್ನು ನಂಬಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋದರೆ ಫೀಸು ಒಂದು ರೂಪಾಯಿಯೂ ಇಳಿಯದು.

ಎರಡು, ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿಯ ಉಚಿತ ಸೀಟು. ಮನೆಯ ಆಸುಪಾಸಿನಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಶೇ 25ರ ಸೀಟು ಸಿಗದಂತೆ ರಾಜ್ಯ ಸರ್ಕಾರ 2019ರಲ್ಲೇ ನಿಯಮ ಬದಲಿಸಿದೆ. ಆದರೂ ‘ಆರ್‌ಟಿಇಯಲ್ಲಿ ಮಾಡಿಸಿಕೊಡ್ತೀನಿ’ ಎಂದು ಮುಂಗಡ ಕೇಳುವ ಏಜೆಂಟರಿಗೆ ಬರವಿಲ್ಲ. ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ನು ಮಾಡಬೇಕಾದ ಕೆಲಸ. ಶಾಲೆಯ ಮಾನ್ಯತೆ ಪತ್ರ ಕೇಳಿ. ಯಾವ ತರಗತಿವರೆಗೆ, ಯಾವ ಮಾಧ್ಯಮ, ಯಾವ ಪಠ್ಯಕ್ರಮ ಎಂಬ ಮೂರನ್ನೂ ಓದಿ. ಗೇಟಿನ ಮೇಲೆ ‘ಸಿಬಿಎಸ್‌ಇ’ ಎಂದು ಬರೆದ ಮಾತ್ರಕ್ಕೆ ಸಂಯೋಜನೆ ಇದೆ ಎಂದಲ್ಲ. ಸಿಬಿಎಸ್‌ಇ ಜಾಲತಾಣದಲ್ಲಿ ಶಾಲೆಯ ಹೆಸರು ಹುಡುಕಿದರೆ ಸಿಗಬೇಕು. ಶಾಲೆಯವರು ಪತ್ರ ತೋರಿಸದಿದ್ದರೆ ಬಿಇಒ ಕಚೇರಿಗೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಇಲ್ಲವಾದರೆ ಅದನ್ನೇ ನೆಪ ಮಾಡಿ ವಾಪಸು ಕಳಿಸುತ್ತಾರೆ. ಉತ್ತರಕ್ಕೆ 30 ದಿನ ಕಾಯಬೇಕು. ಹಾಗಾಗಿ ದಾಖಲಾತಿಯ ಹಿಂದಿನ ದಿನ ಹಾಕಿ ಪ್ರಯೋಜನವಿಲ್ಲ.

ಆಮೇಲೆ ರಸೀದಿ. ಶಾಲೆ ಪ್ರಕಟಿಸಿದ ಶುಲ್ಕದ ಹೊರತಾಗಿ ಪಡೆಯುವ ಯಾವುದೇ ದೇಣಿಗೆ, ವಂತಿಗೆ ಕ್ಯಾಪಿಟೇಷನ್ ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. 13ನೇ ಸೆಕ್ಷನ್ ಪ್ರಕಾರ ಪಡೆದ ಮೊತ್ತದ ಹತ್ತರಷ್ಟರವರೆಗೆ ದಂಡ ಹಾಕಬಹುದು. ಆದರೆ ಬಿಳಿ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಟ್ಟ ‘ಸಂದಾಯವಾಗಿದೆ’ ಯಾವ ಸಾಕ್ಷಿ? ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯವಾಗದೆಂಬ 2014ರ ಸುಪ್ರೀಂ ಕೋರ್ಟ್ ತೀರ್ಪನ್ನೂ ನೆನಪಿಡಿ.

ಈಗ ಜನ ಅತಿ ಹೆಚ್ಚು ಕಳೆದುಕೊಳ್ಳುವ ಜಾಗಕ್ಕೆ ಬರೋಣ. ಕೌಂಟರಿನಲ್ಲಿ ‘ಪೂರ್ತಿ ಒಟ್ಟಿಗೆ ಕಟ್ಟಬೇಕಿಲ್ಲ, ತಿಂಗಳ ಕಂತಿದೆ, ಬಡ್ಡಿಯೇ ಇಲ್ಲ’ ಎನ್ನುತ್ತಾರೆ. ಆಧಾರ್, ಪ್ಯಾನ್ ಕೊಡುತ್ತೀರಿ, ಒಟಿಪಿ ಹೇಳುತ್ತೀರಿ, ಎರಡು ನಿಮಿಷದಲ್ಲಿ ಮುಗಿಯಿತು. ನೀವು ಶಾಲೆಗೆ ಕಂತು ಕಟ್ಟುತ್ತಿದ್ದೀರಿ ಎಂದುಕೊಂಡಿರುತ್ತೀರಿ. ಆಗಿರುವುದು ಸಾಲ. ಯಾವುದೋ ಹಣಕಾಸು ಕಂಪನಿ ವರ್ಷದ ಫೀಸನ್ನು ಶಾಲೆಗೆ ಅಂದೇ ಕಟ್ಟಿಬಿಟ್ಟಿದೆ. ನೀವು ಆ ಕಂಪನಿಯ ಸಾಲಗಾರರು. ಆಟೊ ಓಡಿಸುವ ನನ್ನ ಕಕ್ಷಿದಾರರೊಬ್ಬರು ಮಗಳನ್ನು ಎರಡು ತಿಂಗಳಿಗೇ ಬಿಡಿಸಿ ಸರ್ಕಾರಿ ಶಾಲೆಗೆ ಸೇರಿಸಿದರು. ಕಂತು ನಿಲ್ಲಲಿಲ್ಲ. ನಿಲ್ಲಿಸಿದಾಗ ಸಿಬಿಲ್ ಅಂಕ ಬಿತ್ತು, ಹೊಸ ಗಾಡಿಗೆ ಸಾಲ ಸಿಗಲಿಲ್ಲ. ಶಾಲೆಯವರು ‘ಕಂಪನಿಯನ್ನು ಕೇಳಿ’ ಎಂದರು, ಕಂಪನಿಯವರು ‘ಶಾಲೆಯನ್ನು ಕೇಳಿ’ ಎಂದರು.

ಖಾತೆಯಿಂದ ತಾನಾಗಿಯೇ ಹಣ ಕಡಿತವಾಗಲು ಒಪ್ಪಿಗೆ ಕೊಟ್ಟಿದ್ದು, ಅದು ಹಣವಿಲ್ಲದೆ ಮರಳಿದರೂ ಚೆಕ್ ಬೌನ್ಸ್‌ನಂತೆಯೇ ಕ್ರಿಮಿನಲ್ ಪ್ರಕರಣ ಹೂಡಲು ಅವಕಾಶವಿದೆ. ಶಾಲೆ ಮುಂದಿನ ದಿನಾಂಕದ ಚೆಕ್ ಕೇಳಿದರೂ ಅಪಾಯ ಇದೇ. ನೋಟಿಸು ಬಂದರೆ 15 ದಿನದೊಳಗೆ ಹಣ ಕಟ್ಟಬೇಕು. ಬೀರುವಿನಲ್ಲಿಟ್ಟು ಮರೆತವರೇ ನನ್ನ ಬಳಿ ಹೆಚ್ಚು ಬರುವುದು.

ಆದ್ದರಿಂದ ‘ಕಂತು’ ಎಂದಾಗ ‘ಯಾರಿಗೆ?’ ಎಂದು ಕೇಳಿ. ಸಾಲವಾದರೆ ಬಡ್ಡಿ, ವೆಚ್ಚ, ಷರತ್ತುಗಳ ಮುಖ್ಯಾಂಶ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಕನ್ನಡದಲ್ಲೇ ಕೇಳಿ. ಡಿಜಿಟಲ್ ಸಾಲವಾದರೆ ಆರಂಭದ ಅಲ್ಪಾವಧಿಯಲ್ಲಿ, ಕನಿಷ್ಠ ಒಂದು ದಿನ, ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಬಹುದು. ತೊಡಕೆಂದರೆ, ಹಣ ಇರುವುದು ಶಾಲೆಯ ಬಳಿ. ಹಾಗಾಗಿ ಮಗು ಬಿಟ್ಟರೆ ಎಷ್ಟು ದಿನದಲ್ಲಿ ಎಷ್ಟು ವಾಪಸು ಎಂದು ಶಾಲೆಯ ಲೆಟರ್‌ಹೆಡ್‌ನಲ್ಲಿ ಮೊದಲೇ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಸಹಿ ಬೇಡ. ಕಂಪನಿ ದೂರಿಗೆ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ, ಅದಕ್ಕೆ ಶುಲ್ಕವಿಲ್ಲ, ಮಾಹಿತಿಗೆ 14448. ಗ್ರಾಹಕ ಆಯೋಗವನ್ನೇ ನೆಚ್ಚಿಕೊಳ್ಳಬೇಡಿ. ಶಿಕ್ಷಣ ‘ಸೇವೆ’ ಅಲ್ಲವೆಂಬ ತೀರ್ಪುಗಳನ್ನು ಶಾಲೆಯ ವಕೀಲರು ಮೊದಲ ದಿನವೇ ತಂದಿಡುತ್ತಾರೆ.

ಬಾಕಿ ಇದೆಯೆಂದು ಟಿ.ಸಿ. ತಡೆಹಿಡಿದರೆ? ಎಂಟನೇ ತರಗತಿವರೆಗೆ ಟಿ.ಸಿ. ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಮಗುವಿಗೆ ದಾಖಲಾತಿ ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್. ಒಂಬತ್ತು, ಹತ್ತಕ್ಕೆ ಈ ರಕ್ಷಣೆ ಇಲ್ಲ, ಅದಕ್ಕೇ ಕೆಲವು ಶಾಲೆಗಳ ದನಿ ಎಂಟು ಮುಗಿದ ಮೇಲೆ ಜೋರಾಗುತ್ತದೆ. ಫೀಸಿಗಾಗಿ ಮಗುವನ್ನು ತರಗತಿಯ ಹೊರಗೆ ನಿಲ್ಲಿಸಿದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಿರಿ. ಬಿಇಒ ಕಚೇರಿಗೆ ದೂರು ಕೊಟ್ಟರೆ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ‘ಸಾಹೇಬ್ರು ಮೀಟಿಂಗಲ್ಲಿದಾರೆ, ಇಟ್ಟು ಹೋಗಿ’ ಎಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಇಟ್ಟು ಬಂದ ಅರ್ಜಿ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ.

ವಕೀಲರ ಫೀಸಿಗೆ ಹೆದರಿ ಸುಮ್ಮನಿರಬೇಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮೂರು ತಿಂಗಳು ಸಂಬಳ ನಿಂತರೂ ಕಟ್ಟಬಲ್ಲಿರಾದರೆ, ಬಿಟ್ಟರೆ ಎಷ್ಟು ವಾಪಸು ಎಂಬುದು ಕಾಗದದ ಮೇಲಿದ್ದರೆ, ಖಾಸಗಿ ಶಾಲೆಗೆ ಧಾರಾಳವಾಗಿ ಸೇರಿಸಿ. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಖರ್ಚು ನಿಮಗೆ ತಕ್ಕದ್ದಲ್ಲ.