ಇಂದಿನ ಧಮ್ಮ ಚಿಂತನೆ: ಯಾರಿಗೂ ಬೇಡವಾದ ಭಿಕ್ಷು



ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಭಗವಾನ್ ಬುದ್ಧರು ಆನಂದನೊಂದಿಗೆ ಭಿಕ್ಷುಗಳ ವಸತಿಗಳನ್ನು ನೋಡುತ್ತ ಬರುತ್ತಾರೆ. ಒಬ್ಬ ಭಿಕ್ಷು ಭೇದಿಯಿಂದ ನಿತ್ರಾಣನಾಗಿ ತನ್ನ ಮಲಮೂತ್ರದಲ್ಲೇ ಬಿದ್ದಿದ್ದಾನೆ. ಯಾರೂ ಯಾಕೆ ನೋಡಿಕೊಳ್ಳುತ್ತಿಲ್ಲ ಎಂದು ಕೇಳಿದರೆ, ತನ್ನಿಂದ ಉಳಿದವರಿಗೆ ಏನೂ ಉಪಯೋಗವಿಲ್ಲ, ಅದಕ್ಕೇ ಎನ್ನುತ್ತಾನೆ.

ಆ ಉತ್ತರ ಓದಿದಾಗಲೆಲ್ಲ ನನಗೆ ನಮ್ಮ ಭಾಗದ ಅತಿಥಿ ಉಪನ್ಯಾಸಕರು ನೆನಪಾಗುತ್ತಾರೆ. ಬನಹಟ್ಟಿಯಿಂದ ಮುಧೋಳಕ್ಕೆ, ಬೀಳಗಿಯಿಂದ ಜಮಖಂಡಿಗೆ ಬೆಳಗಿನ ಬಸ್ಸಿಗೆ ಬರುವವರು. ಒಬ್ಬರ ಮನೆಯಲ್ಲಿ ಮಗ್ಗ, ಇನ್ನೊಬ್ಬರದು ಕಬ್ಬಿನ ಹೊಲ. ಊರಲ್ಲಿ 'ಲೆಕ್ಚರರ್ ಸಾಹೇಬ್ರು', ಕಾಲೇಜಿನ ಕಾಗದದಲ್ಲಿ ವರ್ಷದ ಅತಿಥಿ. ಕಾಯಂ ಅಧ್ಯಾಪಕರೊಬ್ಬರು ವರ್ಗವಾಗಿ ಬಂದರೆ ಇವರ ತರಗತಿ ಹೋಯಿತು. 2022ರ ಜನವರಿಯಲ್ಲಿ ಸರ್ಕಾರ ಪದವಿ ಕಾಲೇಜುಗಳ ಅತಿಥಿಗಳ ಗೌರವಧನವನ್ನು 11–13 ಸಾವಿರದಿಂದ 26–32 ಸಾವಿರಕ್ಕೆ ಏರಿಸಿತು. ಒಳ್ಳೆಯದೇ. ಆದರೆ ಜೊತೆಗೆ ವಾರಕ್ಕೆ 15 ಗಂಟೆಯ ಕಾರ್ಯಭಾರ ಬಂತು. ಒಬ್ಬರಿಗೆ ಗಂಟೆ ಹೆಚ್ಚಿದಾಗ ಪಕ್ಕದವರಿಗೆ ಕೆಲಸವೇ ಇಲ್ಲ. 2023ರ ಕೊನೆಯಲ್ಲಿ ಸೇವಾ ಭದ್ರತೆಗಾಗಿ ವಾರಗಟ್ಟಲೆ ಧರಣಿ ಕುಳಿತರು. 2025ರ ಫೆಬ್ರುವರಿಯಲ್ಲಿ ಜಮಖಂಡಿಯ ಬಾಗಲಕೋಟೆ ವಿಶ್ವವಿದ್ಯಾಲಯವನ್ನೇ ಮುಚ್ಚುವ ಮಾತು ಸಂಪುಟ ಉಪಸಮಿತಿಯಿಂದ ಬಂತು. ಇಷ್ಟರ ನಡುವೆ ನಿದ್ದೆ ಹೋಗುವುದು, ಊಟ ಸೇರದಿರುವುದು ಆಶ್ಚರ್ಯವೇ?

ಇಂಥವರಿಗೆ "ಧ್ಯಾನ ಮಾಡ್ರಿ ಸರ್" ಅನ್ನುವುದು ಬಹಳ ಸುಲಭ. ನಮ್ಮ ಬಳಗದವರೇ ಹೆಚ್ಚು ಅನ್ನುತ್ತೇವೆ. ಬುದ್ಧರು ಆ ಭಿಕ್ಷುವಿಗೆ ಅನಿತ್ಯದ ಉಪದೇಶ ಕೊಡಲಿಲ್ಲ. ಆನಂದನಿಗೆ ನೀರು ತರಲು ಹೇಳಿದರು. ತಾವು ನೀರು ಹೊಯ್ದರು, ಆನಂದ ಮೈ ತೊಳೆದ. ತಲೆಯ ಕಡೆ ಇವರು, ಕಾಲ ಕಡೆ ಅವನು ಹಿಡಿದು ಮಂಚದ ಮೇಲೆ ಮಲಗಿಸಿದರು.

ಅಷ್ಟಕ್ಕೇ ಬಿಡಲಿಲ್ಲ ಎಂಬುದು ನನಗೆ ಮುಖ್ಯ. ಸಂಘವನ್ನು ಸೇರಿಸಿ, ಇಲ್ಲಿ ನಿಮಗೆ ತಾಯಿ-ತಂದೆಯರಿಲ್ಲ, ನೀವೇ ಒಬ್ಬರನ್ನೊಬ್ಬರು ನೋಡಬೇಕು ಎಂದು ನಿಯಮ ಮಾಡಿದರು. ಗುರುವಿದ್ದರೆ ಗುರು, ಶಿಷ್ಯನಿದ್ದರೆ ಶಿಷ್ಯ, ಯಾರೂ ಇಲ್ಲದಿದ್ದರೆ ಇಡೀ ಸಂಘ ನೋಡಬೇಕು. ನೋಡದಿದ್ದರೆ ಅದು ದುಕ್ಕಟ, ಅಂದರೆ ದೋಷ. ಮನಸ್ಸಿದ್ದವರು ಮಾಡಲಿ ಎಂದು ಬಿಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೆಲಸದ ಸ್ಥಳದ ಮಾನಸಿಕ ಆರೋಗ್ಯಕ್ಕೆ ಕೊಟ್ಟ ಮಾರ್ಗಸೂಚಿಯೂ ಕೆಲಸದ ಏರ್ಪಾಡನ್ನು ಸರಿಪಡಿಸಿ, ಮೇಲಿನವರಿಗೆ ತರಬೇತಿ ಕೊಡಿ ಎನ್ನುತ್ತದೆ.

ನಮ್ಮ ಗುಂಪಿನಲ್ಲಿ ಪ್ರಾಚಾರ್ಯರಿದ್ದೀರಿ, ವಿಭಾಗ ಮುಖ್ಯಸ್ಥರಿದ್ದೀರಿ. ಕಾರ್ಯಭಾರದ ಪಟ್ಟಿಯನ್ನು ಕೊನೆಯ ದಿನದವರೆಗೆ ಮುಚ್ಚಿಡಬೇಡಿ. ಗೌರವಧನದ ಬಿಲ್ಲು ನಿಮ್ಮ ಮೇಜಿನ ಮೇಲೆ ಕೂರದಿರಲಿ. ಕಾಯಂ ಇರುವ ನಾವು, ಡಬ್ಬಿ ಬಿಚ್ಚುವ ಹೊತ್ತಿಗೆ ಹೊರಗೆ ಹೋಗಿ ನಿಲ್ಲುವ ಸಹೋದ್ಯೋಗಿಯನ್ನು ಹೆಸರು ಹಿಡಿದು ಕರೆಯೋಣ. ಮಾತು ಭಾರವೆನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ; ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಂಬರು ಕಳಿಸಿ ಸುಮ್ಮನಾಗದೆ, ಅವರು ಫೋನು ಮಾಡುವಾಗ ಬೇಕೆಂದರೆ ಪಕ್ಕದಲ್ಲಿ ಕುಳಿತಿರಿ.