ಕಡಲಾಚೆಗೆ ಹೊರಟ ಮಗಳಿಗೆ

ಮಂಡ್ಯ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಬರೆಯುವುದು.

ಉದ್ಯೋಗ ನಿಮಿತ್ತವಾಗಿ ನೀನು ಜರ್ಮನಿಗೂ ಅಲ್ಲಿಂದ ಸ್ವೀಡನ್ನಿಗೂ ಹೋಗತಕ್ಕವಳೆಂಬ ವಾರ್ತೆ ಮದ್ದೂರಿನಿಂದ ನಿನ್ನ ತಂದೆ ಬರೆದ ಕಾಗದದಿಂದ ತಿಳಿದು ಪರಮ ಸಂತೋಷವಾಯಿತು. ಬಟ್ಟೆಬರೆ, ಚಟ್ನಿಪುಡಿಗಳ ವಿಚಾರ ಹೇಳಲು ಮನೆಯಲ್ಲಿ ಬೇಕಾದಷ್ಟು ಜನರಿದ್ದಾರೆ. ಬ್ಯಾಂಕಿನಲ್ಲಿ ಆಯುಷ್ಯ ಸವೆಸಿದ ನಾನು ಹಣದ ವಿಚಾರವೊಂದನ್ನೇ, ನಿನ್ನಂತೆ ಮೊದಲ ಸಲ ಹೊರಡುವ ನಮ್ಮ ಸೀಮೆಯ ಇತರ ಮಕ್ಕಳಿಗೂ ಒದಗಲೆಂದು, ಬಹಿರಂಗವಾಗಿ ಬರೆಯುತ್ತಿದ್ದೇನೆ.

1966ರ ಜೂನ್ 6ರಂದು ರೂಪಾಯಿಯ ಮೌಲ್ಯವನ್ನಿಳಿಸಿ, ಡಾಲರೊಂದಕ್ಕೆ 4 ರೂಪಾಯಿ 76 ಪೈಸೆಯಿದ್ದ ದರವನ್ನು 7 ರೂಪಾಯಿ 50 ಪೈಸೆಗೆ ಏರಿಸಿದ ಆ ಕಾಲದಲ್ಲಿ, ವಿದೇಶೀ ವಿನಿಮಯವು ಸರ್ಕಾರಕ್ಕೇ ದುರ್ಲಭವಾಗಿದ್ದುದರಿಂದ, ಕೇವಲ 8 ಡಾಲರುಗಳನ್ನು ಜೇಬಿನಲ್ಲಿಟ್ಟುಕೊಂಡು ವಿಮಾನವೇರಿದ ವಿದ್ಯಾರ್ಥಿಗಳು ಅನೇಕರು. ಇಂದು ರಿಸರ್ವ್ ಬ್ಯಾಂಕಿನ ನಿಯಮದಂತೆ ನಿವಾಸಿಯೊಬ್ಬನು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರುಗಳವರೆಗೆ ವಿದೇಶಕ್ಕೆ ಒಯ್ಯಬಹುದು. ಅಂದಿನವರಿಗೆ ಹಣವಿಲ್ಲದ ಕಷ್ಟ. ಇಂದಿನವರಿಗೆ ಖಾತೆಯಲ್ಲಿ ಹಣವಿದ್ದೂ ಬೇಕಾದ ಗಳಿಗೆಯಲ್ಲಿ ಅದು ಕೈಗೆ ಬಾರದ ಕಷ್ಟ.

ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿಯೂ ಹೆದ್ದಾರಿ ಬದಿಯ ವಡೆಯ ಅಂಗಡಿಯಲ್ಲಿಯೂ ಮೊಬೈಲನ್ನು ಹಿಡಿದೊಡನೆ ಹಣ ಸಂದಾಯವಾಗುವ ಅಭ್ಯಾಸಕ್ಕೆ ನೀನು ಒಗ್ಗಿಹೋಗಿರುವೆ. 2024ರ ಫೆಬ್ರವರಿಯಿಂದ ಐಫೆಲ್ ಗೋಪುರದ ಟಿಕೆಟ್ಟಿಗೂ ನಮ್ಮ ಯುಪಿಐ ಸಲ್ಲತೊಡಗಿದ್ದು ಹೆಮ್ಮೆಯ ಸಂಗತಿಯೇ; ಆದರೆ ನೀನು ಹೋಗುವ ದೇಶಗಳಲ್ಲಿ ಅದನ್ನು ನೆಚ್ಚಲಾಗದು. ಜರ್ಮನಿಯ ಚಿಕ್ಕ ಬೇಕರಿ, ಉಪಾಹಾರಗೃಹಗಳಲ್ಲಿ ನಗದನ್ನೇ ಕೇಳುವವರು ಇನ್ನೂ ಇದ್ದಾರೆ. ಸ್ವೀಡನ್ನಿನಲ್ಲಾದರೋ ನೋಟನ್ನು ಮುಟ್ಟದ ಅಂಗಡಿಗಳೇ ಬಹಳ, ಮತ್ತು ಅಲ್ಲಿನ ನಾಣ್ಯ ಯೂರೋ ಅಲ್ಲ, ಕ್ರೋನಾ. ಮಳವಳ್ಳಿಯ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನಲ್ಲಿ ಗದ್ದೆಯುಳ್ಳ ರೈತನು ನಾಲೆಯ ನೀರನ್ನು ನಂಬಿಯೂ ಕೊಳವೆಬಾವಿಯೊಂದನ್ನು ಕೊರೆಸಿಟ್ಟುಕೊಳ್ಳುವಂತೆ, ನೀನೂ ಸ್ವಲ್ಪ ನಗದು, ವಿದೇಶೀ ಹಣವನ್ನು ಮೊದಲೇ ತುಂಬಿಸಿಟ್ಟ ಒಂದು ಫಾರೆಕ್ಸ್ ಕಾರ್ಡು, ಬೇರೊಂದು ಬ್ಯಾಂಕಿನ ಕ್ರೆಡಿಟ್ ಕಾರ್ಡು, ಹೀಗೆ ಭಿನ್ನ ಮೂಲಗಳನ್ನು ಭಿನ್ನ ಸ್ಥಳಗಳಲ್ಲಿ ಇರಿಸಿಕೊಳ್ಳತಕ್ಕದ್ದು. ಎಲ್ಲವೂ ಒಂದೇ ಪರ್ಸಿನಲ್ಲಿ ಕೂಡದು ಕಣಮ್ಮ.

ವಿದೇಶೀ ನೋಟುಗಳನ್ನು ಸಾಮಾನ್ಯವಾಗಿ ಪ್ರಯಾಣವೊಂದಕ್ಕೆ 3,000 ಡಾಲರಿನಷ್ಟು ಮಾತ್ರ ಕೊಳ್ಳಬಹುದು. ನಿನಗೆ ಅಷ್ಟು ಬೇಕಾಗಿಯೂ ಇಲ್ಲ. ವಿಮಾನನಿಲ್ದಾಣದ ದರ ಪ್ರಾಯಶಃ ದುಬಾರಿಯಾದ್ದರಿಂದ ಊರು ಬಿಡುವ ಮೊದಲೇ ಬ್ಯಾಂಕಿನಲ್ಲಿ ಕೊಂಡು, ರಸೀದಿಯನ್ನು ಜೋಪಾನವಾಗಿಡು.

ಇನ್ನು, ವಿದ್ಯಾವಂತರೂ ಎಡವುವ ಸ್ಥಳವೊಂದಿದೆ. ಅಂಗಡಿಯ ಯಂತ್ರವಾಗಲಿ ಎಟಿಎಂ ಆಗಲಿ, ನಿನ್ನ ಕ್ರೆಡಿಟ್ ಕಾರ್ಡು ಭಾರತದ್ದೆಂದು ಅರಿತು, ‘ರೂಪಾಯಿಯಲ್ಲಿ ಕೊಡುವಿರಾ, ಯೂರೋದಲ್ಲಿ ಕೊಡುವಿರಾ’ ಎಂದು ಕೇಳುವುದುಂಟು. ಪರದೇಶದಲ್ಲಿ ಸ್ವದೇಶದ ನಾಣ್ಯದ ಹೆಸರು ಕಂಡೊಡನೆ ಮನಸ್ಸು ಅತ್ತ ವಾಲುವುದು ಸಹಜವೇ. ಆದರೆ ಆ ರೂಪಾಯಿಯ ದರವನ್ನು ಕಟ್ಟುವವರು ಅಲ್ಲಿನ ಮಧ್ಯವರ್ತಿಗಳು. ತಮ್ಮ ಲಾಭವನ್ನು ಅದರೊಳಗೆ ಸೇರಿಸಿಯೇ ಕಟ್ಟುತ್ತಾರೆ. ಅದರ ಮೇಲೆ ನಮ್ಮ ಬ್ಯಾಂಕೂ ಪ್ರತ್ಯೇಕ ಶುಲ್ಕ ಹಾಕುವುದುಂಟು. ಯಾವ ದೇಶದಲ್ಲಿರುವೆಯೋ ಆ ದೇಶದ ನಾಣ್ಯವನ್ನೇ ಆರಿಸು; ಮಾರುವವನು ನಿನ್ನನ್ನು ಕೇಳದೆಯೇ ರೂಪಾಯಿ ಒತ್ತಿದರೆ, ಸಹಿ ಹಾಕದೆ, ಪಿನ್ ಒತ್ತದೆ, ರದ್ದುಮಾಡಿಸಲು ಸಂಕೋಚಪಡಬೇಡ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರೆ ಅದೇ ದಿನದಿಂದ ಬಡ್ಡಿ ಬೆಳೆಯುವುದಾದ್ದರಿಂದ, ಅದು ಪ್ರಾಣಸಂಕಟದ ಸಮಯಕ್ಕಷ್ಟೇ ಇರಲಿ.

2020ರಲ್ಲಿ ರಿಸರ್ವ್ ಬ್ಯಾಂಕು ವಿಧಿಸಿದಂತೆ ಹೊಸ ಕಾರ್ಡುಗಳು ಭಾರತದೊಳಗಷ್ಟೇ ನಡೆಯುತ್ತವೆ. ವಿದೇಶದ ಬಳಕೆಯನ್ನು ನೀನೇ ತೆರೆಸಿಕೊಂಡು, ಮಿತಿಯನ್ನೂ ಗೊತ್ತುಮಾಡಬೇಕು. ಬ್ಯಾಂಕಿನ ಓಟಿಪಿ ಬರುವುದು ಇಲ್ಲಿನ ಸಿಮ್ಮಿಗಾದ್ದರಿಂದ, ಅದನ್ನು ಕಿತ್ತಿಟ್ಟು ಅಲ್ಲಿನ ಸಿಮ್ಮನ್ನು ಹಾಕಿಕೊಂಡೆಯಾದರೆ ಸ್ವಂತ ಹಣಕ್ಕೇ ಪರಕೀಯಳಾದೀಯೆ. ರೋಮಿಂಗನ್ನು ಮೊದಲೇ ಏರ್ಪಡಿಸಿಕೋ. ಕಾರ್ಡು ಕಳೆದಾಗ ಕರೆಯಬೇಕಾದ ಬ್ಯಾಂಕಿನ ಸಂಖ್ಯೆಯನ್ನು ಕಾಗದದ ಮೇಲೂ ಬರೆದಿಟ್ಟುಕೋ, ಏಕೆಂದರೆ ಮೊಬೈಲೂ ಕಳೆಯಬಹುದು.

ಹಿಂದಿರುಗಿದ ಮೇಲೆ 2,000 ಡಾಲರಿನಷ್ಟು ವಿದೇಶೀ ಹಣವನ್ನು ನೀನು ಇರಿಸಿಕೊಳ್ಳಬಹುದು. ಮಿಕ್ಕದ್ದನ್ನು 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸತಕ್ಕದ್ದು. ಚಿಲ್ಲರೆ ನಾಣ್ಯಗಳನ್ನು ಇಲ್ಲಿ ಸಾಮಾನ್ಯವಾಗಿ ಯಾರೂ ಕೊಳ್ಳುವುದಿಲ್ಲ; ಅವನ್ನು ಅಲ್ಲಿಯೇ, ಹೊರಡುವ ದಿನದ ಕಾಫಿಗೆ, ವೆಚ್ಚಮಾಡಿ ಬಾ.

ಇತಿ,
ನಿನ್ನ ದೊಡ್ಡಪ್ಪ